ಹೆಬ್ಬೆರಳು ಅಲ್ಲಾಡಬೇಕು: ಬೆನ್ನುಹುರಿ ಪೆಟ್ಟಾದವರ ಮೋಷನ್‌ಗೆ ಟೆನ್ಸ್ ಬಳಸುವ ಬಗೆ

ಅಡಿಕೆ ಕೊನೆ ಕೊಯ್ಯಲು ಹತ್ತಿದ್ದವನು ಮರದಿಂದ ಬಿದ್ದು ಏಳು ವರ್ಷವಾಯಿತು. ಡಿ8 (ಎದೆಮಟ್ಟದ ಎಂಟನೇ ಬೆನ್ನುಮೂಳೆ) ಹತ್ತಿರ ಬೆನ್ನುಹುರಿಗೆ ಪೆಟ್ಟು. ಹೊಕ್ಕಳಿಂದ ಕೆಳಗೆ ನನಗೇನೂ ಗೊತ್ತಾಗುವುದಿಲ್ಲ. ಮೋಷನ್ ಬಂದದ್ದೂ ಗೊತ್ತಾಗುವುದಿಲ್ಲ. ಮದುವೆ ಮನೆಗೆ ಹೋಗಬೇಕೆಂದರೆ ಹಿಂದಿನ ದಿನವೇ ಊಟ ಬಿಡುತ್ತಿದ್ದೆ. ಕಮೋಡ್ ಕುರ್ಚಿಯಲ್ಲಿ ಒಂದೂವರೆ ಗಂಟೆ ಕೂರಬೇಕಿತ್ತು.

ಟೆನ್ಸ್ ಅಂದರೆ ಚರ್ಮದ ಮೇಲೆ ಪ್ಯಾಡ್ ಹಚ್ಚಿ ನರಕ್ಕೆ ಸಣ್ಣ ಕರೆಂಟ್ ಕೊಡುವ ಮಷೀನ್. ಅದನ್ನು ಕೊಳ್ಳುವ ಮೊದಲು ದಿನಚರಿ ಸರಿಮಾಡಿಕೊಳ್ಳಿ. ಇದನ್ನು ಬಿಟ್ಟು ಕರೆಂಟ್ ಹಿಡಿದರೆ ಪ್ರಯೋಜನವಿಲ್ಲ. ನಾನು ದಿನ ಬಿಟ್ಟು ದಿನ, ಬೆಳಿಗ್ಗೆ ಒಂದೇ ಹೊತ್ತಿಗೆ ಕೂರುತ್ತೇನೆ. ಗಂಜಿ ಉಂಡು ಅರ್ಧ ಗಂಟೆ ಬಿಟ್ಟು ಕೂತರೆ ಕರುಳು ತಾನಾಗಿ ಚುರುಕಾಗುತ್ತದೆ. ಆಮೇಲೆ ಗ್ಲೌಸ್ ಹಾಕಿ, ಜೆಲ್ ಸವರಿ, ಗುದದ ಒಳಗೆ ಬೆರಳನ್ನು 15–20 ಸೆಕೆಂಡ್ ಮೆಲ್ಲಗೆ ಸುತ್ತಿಸುತ್ತೇನೆ. ಹೇಳಲು ನಾಚಿಕೆ ಬೇಡ, ನಮಗಿದು ಹಲ್ಲುಜ್ಜಿದ ಹಾಗೆ. ಎರಡು ವಾರ ಎಷ್ಟು ಹೊತ್ತು ಹಿಡಿಯಿತು, ಎಷ್ಟು ಸಲ ಬಟ್ಟೆ ಹಾಳಾಯಿತು ಎಂದು ಬರೆದಿಡಿ. ಮುಂದೆ ಹೋಲಿಸಿ ನೋಡಲು ಅದೇ ಬೇಕು.

ಪಾದಕ್ಕೆ ಹೋಗುವ ಟಿಬಿಯಲ್ ನರವೂ ಗುದದ ನರಗಳೂ ಬೆನ್ನುಹುರಿಯ ಒಂದೇ ಜಾಗಕ್ಕೆ, ಅದರ ಕೆಳತುದಿಯ ಎಸ್2–ಎಸ್3 ಎಂಬ ಭಾಗದ ಹತ್ತಿರ, ಸೇರುತ್ತವೆ. ಅದಕ್ಕೇ ಪ್ಯಾಡ್ ಹಚ್ಚುವುದು ಕಾಲಿಗೆ. ಸೂಜಿಯಿಲ್ಲ, ಆಪರೇಷನ್ ಇಲ್ಲ. ಹೊಟ್ಟೆಯ ಸ್ನಾಯುಗಳಿಗೆ ಕರೆಂಟ್ ಕೊಡುವ ವಿಧಾನವೂ ಇದೆ, ಅದು ಮುಕ್ಕಲು ನೆರವಾಗುತ್ತದೆ. ನಾನು ಬಳಸುವುದು ಕಾಲಿನದು.

ಕಣಕಾಲಿನ ಒಳಬದಿಯ ಮೂಳೆಯ ಹಿಂದೆ ಒಂದು ಪ್ಯಾಡ್, ಅದರಿಂದ 10 ಸೆಂಟಿಮೀಟರ್ ಮೇಲೆ ಇನ್ನೊಂದು. ಚರ್ಮ ತೊಳೆದು ಒಣಗಿಸಿರಬೇಕು. ಫಿಸಿಯೋ ನನ್ನ ಮಷೀನನ್ನು 20 ಹರ್ಟ್ಸ್ (ಸೆಕೆಂಡಿಗೆ 20 ಮಿಡಿತ), 200 ಮೈಕ್ರೋಸೆಕೆಂಡ್‌ಗೆ (ಒಂದೊಂದು ಮಿಡಿತದ ಉದ್ದ) ಇಟ್ಟುಕೊಟ್ಟರು. ದಿನಕ್ಕೆ 30 ನಿಮಿಷ. ಕರೆಂಟ್ ಎಷ್ಟು ಅನ್ನುವುದನ್ನು ಬೇರೆಯವರು "ಜುಮ್ ಅನ್ನುತ್ತಿದೆ" ಎಂದು ಹೇಳಬಹುದು, ನಮಗದು ಸಾಧ್ಯವಿಲ್ಲ ಅಲ್ವಾ? ಕಾಲನ್ನೇ ನೋಡಬೇಕು. ಒಂದೊಂದೇ ಅಂಕಿ ಏರಿಸುತ್ತಾ ಹೋದೆ. ಏನೂ ಆಗಲಿಲ್ಲ. ಪ್ಯಾಡನ್ನು ಒಂದು ಬೆರಳಿನಷ್ಟು ಹಿಂದಕ್ಕೆ ಸರಿಸಿದೆ. ಹೆಬ್ಬೆರಳು ಕೆಳಕ್ಕೆ ಮಡಚಿತು, ಬಿಟ್ಟಿತು, ಮತ್ತೆ ಮಡಚಿತು. ಹಾಸಿಗೆಯ ತುದಿಯಲ್ಲಿ ಕೂತಿದ್ದ ಅಮ್ಮ ಉಸಿರು ಬಿಗಿಹಿಡಿದು ನೋಡುತ್ತಿದ್ದಳು. ಕಾಲು ವಾಪಸ್ ಬಂತು ಅಂದುಕೊಂಡಿದ್ದಳು. ಹಾಗಲ್ಲ ಎಂದು ಹೇಳುವುದು ಕಷ್ಟವಾಯಿತು. ಬೆರಳು ಅಲ್ಲಾಡಿದರೆ ಜಾಗ ಸರಿಯಿದೆ ಎಂದಷ್ಟೇ ಅರ್ಥ. ಆಮೇಲೆ ಕರೆಂಟನ್ನು ಸ್ವಲ್ಪ ಇಳಿಸಿ ಬಿಡಿ.

ಸೊಂಟದ ಕೆಳಗಿನ ನರದ ಗೊಂಚಲಿಗೇ ಪೆಟ್ಟಾಗಿದ್ದರೆ ಬೆರಳು ಅಲ್ಲಾಡದೇ ಇರಬಹುದು. ಅಂಥವರು ಸುಮ್ನೆ ಕರೆಂಟ್ ಏರಿಸುತ್ತಾ ಹೋಗಬೇಡಿ. ಡಿ6 ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರು ಮೊದಲ ಸಲ ಆಸ್ಪತ್ರೆಯಲ್ಲೇ ಮಾಡಿ. ತಲೆ ಸಿಡಿಯುವಂತೆ ನೋವು, ಮುಖ ಕೆಂಪಾಗಿ ಬೆವರು ಬಂದರೆ ಬಿಪಿ ಏರುತ್ತಿದೆ ಎಂದರ್ಥ. ಮಷೀನ್ ನಿಲ್ಲಿಸಿ, ನೇರ ಕೂರಿಸಿ, ಬಟ್ಟೆ ಸಡಿಲಿಸಿ, ತಡಮಾಡದೆ ಡಾಕ್ಟರನ್ನು ಕರೆಯಿರಿ. ಪೇಸ್‌ಮೇಕರ್ ಇದ್ದವರು, ಗರ್ಭಿಣಿಯರು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದವರು ಡಾಕ್ಟರನ್ನು ಕೇಳದೆ ಮುಟ್ಟಬಾರದು.

ನನ್ನಿಂದ ಒಂದು ತಪ್ಪಾಯಿತು. ಅಂಟು ಒಣಗಿದ್ದ ಹಳೆಯ ಪ್ಯಾಡನ್ನೇ ಒಂದು ವಾರ ಹಚ್ಚಿದೆ. ಒಂದು ಮೂಲೆಯಷ್ಟೇ ಅಂಟಿತ್ತು, ಕರೆಂಟೆಲ್ಲ ಅಲ್ಲೇ ಹರಿದು ಕಾಸಿನಗಲ ಸುಟ್ಟಿತು. ನೋವು ಗೊತ್ತಾಗಲಿಲ್ಲ. ಗಾಯ ಮಾಯಲು ತಿಂಗಳಾಯಿತು. ಈಗ ಪ್ಯಾಡ್ ತೆಗೆದ ತಕ್ಷಣ ಮೊಬೈಲ್ ಟಾರ್ಚ್ ಹಾಕಿ ಚರ್ಮ ನೋಡುತ್ತೇನೆ.

ಮೊದಲ ತಿಂಗಳು ಏನೂ ವ್ಯತ್ಯಾಸ ಕಾಣಲಿಲ್ಲ. ಆರನೇ ವಾರದಿಂದ ಕುರ್ಚಿಯ ಮೇಲಿನ ಹೊತ್ತು ಮುಕ್ಕಾಲು ಗಂಟೆಗೆ ಇಳಿಯಿತು. ಎಲ್ಲವೂ ಮಷೀನಿನಿಂದಲೇ ಎಂದು ಹೇಳಲಾರೆ, ದಿನಚರಿಯ ಪಾಲೂ ಇದೆ. ಇದರ ಮೇಲೆ ನಡೆದ ಅಧ್ಯಯನಗಳೂ ಚಿಕ್ಕವೇ. ಎರಡು ತಿಂಗಳು ಮಾಡಿ, ಬರೆದಿಟ್ಟದ್ದನ್ನು ತೆಗೆದು ನೋಡಿ. ಬದಲಾಗದಿದ್ದರೆ ನಿಲ್ಲಿಸಿ, ಆ ಪುಸ್ತಕವನ್ನು ಡಾಕ್ಟರಿಗೆ ತೋರಿಸಿ.