ಶನಿವಾರದ ಮಾತ್ರೆ: ಸಂಧಿವಾತದ ಔಷಧಿಯ ಜೊತೆ ನನ್ನ ಅನುಭವ

ನನಗಿರುವುದು ರುಮಟಾಯ್ಡ್ ಆರ್ಥ್ರೈಟಿಸ್ ಅನ್ನುವ ಸಂಧಿವಾತ. ವಯಸ್ಸಾದ ಮೇಲೆ ಮಂಡಿ ಸವೆದು ಬರುವ ನೋವಲ್ಲ ಇದು. ಕಾಯಿಲೆಯಿಂದ ಕಾಪಾಡಬೇಕಾದ ನಮ್ಮ ರೋಗನಿರೋಧಕ ಶಕ್ತಿಯೇ ಕೀಲುಗಳ ಮೇಲೆ ತಿರುಗಿಬೀಳುತ್ತದೆ. ಎರಡೂ ಕೈಯ ಬೆರಳ ಗೆಣ್ಣುಗಳು ಊದಿಕೊಳ್ಳುತ್ತಿದ್ದವು. ಬೆಳಿಗ್ಗೆ ಎದ್ದರೆ ಒಂದು ಗಂಟೆಗೂ ಜಾಸ್ತಿ ಹೊತ್ತು ಮುಷ್ಟಿ ಕಟ್ಟಲು ಆಗುತ್ತಿರಲಿಲ್ಲ. ಈ ಕಾಯಿಲೆ ಗುರುತಿಸುವ ಆರ್‌ಎ ಫ್ಯಾಕ್ಟರ್, ಆಂಟಿ-ಸಿಸಿಪಿ ಅನ್ನುವ ರಕ್ತಪರೀಕ್ಷೆಗಳು ಎರಡೂ ಪಾಸಿಟಿವ್ ಬಂದವು. ಡಾಕ್ಟರ್ ಮೆಥೊಟ್ರೆಕ್ಸೇಟ್ ಬರೆದರು.

ಚೀಟಿ ನೋಡಿದ ತಮ್ಮ "ಅಕ್ಕ, ಇದು ಕ್ಯಾನ್ಸರ್ ಔಷಧಿ ಅಲ್ವಾ?" ಅಂತ ಗಾಬರಿಯಾದ. ಕ್ಯಾನ್ಸರ್‌ಗೂ ಕೊಡುತ್ತಾರೆ, ನಿಜ. ಅಲ್ಲಿ ಡೋಸ್ ಎಷ್ಟೋ ಪಟ್ಟು ಜಾಸ್ತಿ ಇರಬಹುದು. ಸಂಧಿವಾತಕ್ಕೆ ಸಾಮಾನ್ಯವಾಗಿ ವಾರಕ್ಕೆ 7.5ರಿಂದ 25 ಮಿಲಿಗ್ರಾಂ. ಅಮೆರಿಕದಲ್ಲಿ 1988ರಲ್ಲೇ ಈ ಕಾಯಿಲೆಗೆ ಇದನ್ನು ಒಪ್ಪಿದ್ದಾರೆ. ಇದರ ಹಿಂದೆ ಆಂಧ್ರದ ಭೀಮವರಂನಲ್ಲಿ ಹುಟ್ಟಿ ಅಮೆರಿಕದ ಲೆಡರ್ಲೆ ಕಂಪನಿಯಲ್ಲಿದ್ದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡದ ದುಡಿಮೆ ಇದೆ. ಫೋಲಿಕ್ ಆಸಿಡ್ ಅನ್ನುವ ವಿಟಮಿನ್ ತಯಾರಿಸಿದ್ದೂ ಅದೇ ತಂಡ, ಅದರ ಕೆಲಸಕ್ಕೆ ಅಡ್ಡ ಬರುವ ಮೆಥೊಟ್ರೆಕ್ಸೇಟನ್ನು ತಯಾರಿಸಿದ್ದೂ ಅದೇ ತಂಡ. ನನ್ನ ಮಾತ್ರೆ ಡಬ್ಬಿಯಲ್ಲಿ ಎರಡೂ ಇವೆ.

ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ. ಬೇರೆ ಯಾವ ಮಾತು ಮರೆತರೂ ಇದನ್ನು ಮರೆಯಬೇಡಿ. ತಿಳಿಯದೆ ದಿನಾ ನುಂಗಿ ರಕ್ತಕಣ ಕುಸಿದು ಪ್ರಾಣ ಕಳೆದುಕೊಂಡವರಿದ್ದಾರೆ. ಭಾನುವಾರ ರಜೆ, ವಾಕರಿಕೆ ಬಂದರೆ ಮಲಗಿರಬಹುದು ಅಂತ ನಾನು ಶನಿವಾರ ರಾತ್ರಿ ಆರಿಸಿಕೊಂಡೆ. ಚೀಟಿಯ ಮೇಲೆ 'ಶನಿವಾರ ಮಾತ್ರ' ಅಂತ ಕನ್ನಡದಲ್ಲೇ ಬರೆಸಿಕೊಂಡೆ. ಇದರ ಅಡ್ಡಪರಿಣಾಮ ತಗ್ಗಿಸಲು ಕೊಡುವ ಫೋಲಿಕ್ ಆಸಿಡ್ ನನಗೆ ಸೋಮವಾರ. ಎರಡೂ ಹಳದಿ ಬಣ್ಣದ ಸಣ್ಣ ಮಾತ್ರೆಗಳಾದ್ದರಿಂದ ಸ್ಟ್ರಿಪ್ಪಿನಿಂದ ಬಿಡಿಸಿ ಇಡುವುದೇ ಇಲ್ಲ. ಒಮ್ಮೆ ಮೆಡಿಕಲ್ ಶಾಪಿನವರು 2.5ರ ಬದಲು 10 ಮಿಲಿಗ್ರಾಂ ಸ್ಟ್ರಿಪ್ ಕೊಟ್ಟು, "ಕಂಪನಿ ಬೇರೆ ಅಷ್ಟೇ ಮೇಡಂ, ಔಷಧಿ ಅದೇ" ಅಂದರು. ಔಷಧಿ ಅದೇ, ಆದರೆ ಎಂದಿನಂತೆ ನಾಲ್ಕು ನುಂಗಿದ್ದರೆ 40 ಮಿಲಿಗ್ರಾಂ! ಅಲ್ಲೇ ವಾಪಸ್ ಕೊಟ್ಟೆ. ಹೆಸರು ನೋಡಿದರೆ ಸಾಲದು, ಮಿಲಿಗ್ರಾಂ ಕೂಡ ಓದಬೇಕು.

ಇದು ನೋವಿನ ಮಾತ್ರೆಯಲ್ಲ. ಕೆಲಸ ಶುರುವಾಗಲು 6ರಿಂದ 12 ವಾರ ಬೇಕು. ಅಲ್ಲಿಯವರೆಗೆ ತಡೆಯಲೆಂದು ಕಡಿಮೆ ಡೋಸಿನ ಪ್ರೆಡ್ನಿಸೊಲೋನ್ ಅನ್ನುವ ಸ್ಟೀರಾಯ್ಡ್ ಕೊಟ್ಟರು, ಬೆಳಿಗ್ಗೆ ತಿಂಡಿ ಆದ ಮೇಲೆ. ಕೆಲವೇ ದಿನಗಳಲ್ಲಿ ಊತ ಇಳಿದು ಚಪಾತಿ ಹಿಟ್ಟು ನಾದಿದೆ. ನಿಜ ಹೇಳಬೇಕೆಂದರೆ ಆ ಮಾತ್ರೆಯ ಮೇಲೆ ಪ್ರೀತಿಯೇ ಹುಟ್ಟಿತು. ತೊಂದರೆ ಇರುವುದೂ ಅಲ್ಲೇ. 1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ ಆಸ್ಪತ್ರೆಯ ಡಾಕ್ಟರ್ ಫಿಲಿಪ್ ಹೆಂಚ್ ಈ ಜಾತಿಯ ಕಾರ್ಟಿಸೋನನ್ನು ಸಂಧಿವಾತದ ರೋಗಿಗೆ ಮೊದಲು ಕೊಟ್ಟಾಗ ಪವಾಡವೆಂದೇ ಜನ ನಂಬಿದ್ದರು. 1950ರಲ್ಲಿ ನೊಬೆಲ್ ಕೂಡ ಬಂತು. ಆಮೇಲೆ ಗೊತ್ತಾಯಿತು: ಜಾಸ್ತಿ ಕಾಲ ನುಂಗಿದರೆ ಮೂಳೆ ಟೊಳ್ಳಾಗುತ್ತದೆ, ಸಕ್ಕರೆ ಏರುತ್ತದೆ, ಮುಖ ಊದುತ್ತದೆ. ಹಾಗಂತ ಏಕಾಏಕಿ ಬಿಡುವಂತೆಯೂ ಇಲ್ಲ. ಡಾಕ್ಟರ್ ಹೇಳಿದಂತೆ ಮೆಲ್ಲಗೆ ಇಳಿಸಿದೆ. 'ಮೂರೇ ದಿನದಲ್ಲಿ ನೋವು ಮಾಯ' ಅನ್ನುವ ಪುಡಿಗಳಲ್ಲೂ ಎಷ್ಟೋ ಸಲ ಇದೇ ಸ್ಟೀರಾಯ್ಡ್ ಬೆರೆಸಿರುವುದು ಪರೀಕ್ಷೆಗಳಲ್ಲಿ ಸಿಕ್ಕಿದೆ.

ಮೆಥೊಟ್ರೆಕ್ಸೇಟ್ ಡೋಸ್ ಏರಿದಾಗ ಭಾನುವಾರ ಕಾಫಿ ವಾಸನೆಯೂ ಸಹಿಸದಂತಾಯಿತು. ಸುಮ್ನೆ ಮಾತ್ರೆ ಬಿಡುವ ಬದಲು ಡಾಕ್ಟರಿಗೆ ಹೇಳಿದೆ. ಅದೇ ಔಷಧಿಯ ಇಂಜೆಕ್ಷನ್‌ಗೆ ಬದಲಾಯಿಸಿದರು. ಹೊಟ್ಟೆಯ ಚರ್ಮಕ್ಕೆ ನಾನೇ ಚುಚ್ಚಿಕೊಳ್ಳುತ್ತೇನೆ. ವಾಕರಿಕೆ ಪೂರ್ತಿ ಹೋಗಿಲ್ಲ, ತಡೆದುಕೊಳ್ಳುವಷ್ಟಿದೆ.

ಮೊದಮೊದಲು ಪದೇಪದೇ ಬ್ಲಡ್ ಟೆಸ್ಟ್ ಇತ್ತು, ಈಗ ಮೂರು ತಿಂಗಳಿಗೊಮ್ಮೆ. ರಕ್ತಕಣ, ಲಿವರ್, ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಇಷ್ಟನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಜ್ವರ, ಬಾಯಿಹುಣ್ಣು, ಒಣಕೆಮ್ಮು, ಉಬ್ಬಸ ಬಂದರೆ ಆ ವಾರದ ಡೋಸ್‌ಗೆ ಮೊದಲೇ ಡಾಕ್ಟರಿಗೆ ಫೋನ್. ಹಲ್ಲಿನ ಡಾಕ್ಟರ್ ಹತ್ತಿರ ಹೋದರೂ ಮೊದಲು ಮೆಥೊಟ್ರೆಕ್ಸೇಟ್ ಹೆಸರು ಹೇಳುತ್ತೇನೆ. ಕೋ-ಟ್ರೈಮಾಕ್ಸಜೋಲ್‌ನಂಥ ಆಂಟಿಬಯಾಟಿಕ್ ಇದರ ಜೊತೆ ಸೇರಿದರೆ ಅಪಾಯ. ಗರ್ಭದಲ್ಲಿರುವ ಮಗುವಿಗೂ ಈ ಔಷಧಿ ಆಗುವುದಿಲ್ಲ. ಮಗು ಬೇಕೆನ್ನುವವರು, ಗಂಡಸರೂ ಸೇರಿ, ಡಾಕ್ಟರ್ ಹತ್ತಿರ ಮೊದಲೇ ಮಾತಾಡಬೇಕು.

"ಇಷ್ಟು ಚೆನ್ನಾಗಿದ್ದೀಯಲ್ಲಮ್ಮ, ಇನ್ನೂ ಯಾಕೆ ಔಷಧಿ?" ಅಂತ ಅತ್ತೆ ಕೇಳುತ್ತಲೇ ಇರುತ್ತಾರೆ. "ಔಷಧಿ ಇರೋದಕ್ಕೇ ಚೆನ್ನಾಗಿದ್ದೀನಿ ಅತ್ತೆ" ಅನ್ನುತ್ತೇನೆ. ಅವರಿಗೆ ಒಪ್ಪಿಗೆ ಇಲ್ಲ. ನೋವು ಹೋಯಿತೆಂದು ಬಿಟ್ಟರೆ ಉರಿಯೂತ ಮತ್ತೆ ಕೆರಳಬಹುದು, ಕೀಲಿನ ಮೂಳೆ ಕೊರೆದುಹೋದರೆ ಯಾವ ಔಷಧಿಯೂ ಅದನ್ನು ಮೊದಲಿನಂತೆ ಮಾಡುವುದಿಲ್ಲ. ಈಗ ಊತವಿಲ್ಲ, ಉರಿಯೂತ ಅಳೆಯುವ ಸಿಆರ್‌ಪಿ ಟೆಸ್ಟ್ ನಾರ್ಮಲ್ ಇದೆ. ಡಾಕ್ಟರ್ ಡೋಸ್ ಸ್ವಲ್ಪ ಇಳಿಸಿದ್ದಾರೆ. ಮುಂದಿನ ಟೆಸ್ಟ್ ನೋಡಿ ಅಲ್ಲೇ ಇರಿಸುವುದೋ ಮತ್ತೆ ಏರಿಸುವುದೋ ಹೇಳುತ್ತಾರಂತೆ.