ನಮ್ಮ ಆಟಕ್ಕೊಂದು ಕಾಡಿನ ನ್ಯಾಯದೇವ್ರು ಕಟ್ಟಿದ್ದು ಹೆಂಗೆ

ತುಮಕೂರಲ್ಲಿ ನಾವೊಂದಿಷ್ಟು ಜನ ಭಾನುವಾರ ಸೇರಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡ್ತೀವಿ, ಪೂರ್ತಿ ಕನ್ನಡದಲ್ಲಿ. ಗೊತ್ತಿಲ್ದೋರಿಗೆ ಹೇಳ್ಬೇಕು ಅಂದ್ರೆ ಒಬ್ಬ ಕಥೆ ನಡೆಸ್ತಾನೆ, ಉಳಿದೋರು ಒಂದೊಂದು ಪಾತ್ರ ಹಿಡೀತಾರೆ, ಏನಾಗತ್ತೆ ಅನ್ನೋದನ್ನ ದಾಳ ತೀರ್ಮಾನ ಮಾಡತ್ತೆ, 1974ರಿಂದ ಇರೋ ಆಟ ಇದು. ನಮ್ಮಲ್ಲಿ ಕಥೆ ನಡೆಸೋನು ನಾನು, ಅಂದ್ರೆ ಊರು, ರಾಜ, ದೇವ್ರು ಎಲ್ಲ ನಾನೇ ಹುಟ್ಟಿಸ್ಬೇಕು. ಅದ್ರಲ್ಲಿ ನಮ್ಮ ಹುಡುಗ್ರಿಗೆ ಜಾಸ್ತಿ ಹಿಡಿಸಿರೋದು ಕಗ್ಗಲಯ್ಯ, ಕಾಡಿಗೂ ನ್ಯಾಯಕ್ಕೂ ಎರಡಕ್ಕೂ ಅವನೇ ಒಡೆಯ. ಬೇರೆ ಟೇಬಲ್ ನಡೆಸೋರು ಇವನನ್ನ ಹೆಂಗೆ ಮಾಡಿದ್ರಿ ಅಂತ ಕೇಳ್ತಾನೇ ಇರ್ತಾರೆ, ಅದಕ್ಕೆ ಒಂದ್ಸಲ ಬರೆದು ಹಾಕ್ಬಿಡೋಣ ಅಂತ.

ಮೊದಲನೇದು, ರೂಪದಿಂದ ಶುರು ಮಾಡ್ಲಿಲ್ಲ. ತಲೆ ಮೇಲೆ ಕೊಂಬು, ಮೈಯೆಲ್ಲ ಎಲೆ, ಕೈಯಲ್ಲಿ ತಕ್ಕಡಿ ಅಂತ ಚಿತ್ರ ಬರೆದು ಆಮೇಲೆ ಇವನು ಏನ್ ಮಾಡ್ತಾನೆ ಅಂತ ಯೋಚಿಸಿದ್ರೆ ಅವನು ಏನೂ ಮಾಡಲ್ಲ, ಗೋಡೆ ಮೇಲಿನ ಕ್ಯಾಲೆಂಡರ್ ಆಗಿ ಉಳೀತಾನೆ. ನಾನು ಶುರು ಮಾಡಿದ್ದು ಒಂದು ಜಗಳದಿಂದ. ನ್ಯಾಯದ ದೇವ್ರು ಅಂದ್ಮೇಲೆ ಅವನ ಮುಂದೆ ಒಂದು ಕೇಸು ಬರ್ಬೇಕಲ್ವಾ, ಆ ಕೇಸು ಎಂಥದು ಅಂತ ಗೊತ್ತಾದ್ರೆ ದೇವ್ರು ಎಂಥೋನು ಅಂತ ತಾನೇ ಗೊತ್ತಾಗತ್ತೆ.

ಕೇಸು ಇದು. ಒಂದು ಹಟ್ಟಿ, ಅಲ್ಲೊಬ್ಬ ಕುರಿ ಕಾಯೋನು. ರಾತ್ರಿ ತೋಳ ಬಂದು ಮರಿಗಳನ್ನ ಎತ್ಕೊಂಡು ಹೋಯ್ತು. ಅವನು ಸತ್ತ ಕುರಿಗೆ ವಿಷ ಸವರಿ ಬಯಲಲ್ಲಿ ಇಟ್ಟ. ತೋಳ ಸತ್ತವು, ಅದರ ಜೊತೆಗೆ ಪಕ್ಕದೂರಿನ ನಾಯಿ ಸತ್ತವು, ಹದ್ದು ಸತ್ತವು. ನಾಯಿ ಕಳ್ಕೊಂಡೋರು ಜಗಳಕ್ಕೆ ಬಂದ್ರು. ಆದ್ರೆ ತೋಳ ಹಟ್ಟಿಗೆ ಯಾಕೆ ಬಂತು ಅಂತ ಹಿಂದಕ್ಕೆ ಹೋದ್ರೆ ಊರ ಗೌಡ ಹುಲ್ಲುಗಾವಲು ಉತ್ತು ಕಡ್ಲೆಕಾಯಿ ಹಾಕಿದಾನೆ, ಅಲ್ಲಿದ್ದ ಕೃಷ್ಣಮೃಗ ಓಡಿಹೋಗಿವೆ, ತೋಳಕ್ಕೆ ತಿನ್ನಕ್ಕೆ ಬೇರೆ ಏನೂ ಉಳಿದಿಲ್ಲ. ಈಗ ಯಾರು ಯಾರಿಗೆ ಕೊಡ್ಬೇಕು? ಅರಳಿಕಟ್ಟೆ ಪಂಚಾಯ್ತಿಲಿ ಕುರಿಯೋನು ನಾಯಿಯೋನಿಗೆ ದಂಡ ಕಟ್ಟಿ ಮುಗೀತು, ಗೌಡನ ಹೆಸರೇ ಬರಲ್ಲ, ತೋಳದ ಮಾತಂತೂ ಕೇಳೋರೇ ಇಲ್ಲ. ಅಲ್ಲಿಂದ ಕಗ್ಗಲಯ್ಯ ಬಂದ. ತೋಳನೂ ಫಿರ್ಯಾದಿ ಆಗಬಹುದಾದ ಜಾಗ ಅವನದು.

ಪ್ರಾಣಿನ ಕೋರ್ಟಿಗೆ ಎಳೆಯೋದು ಫ್ಯಾಂಟಸಿ ಅಂದ್ಕೋಬೇಡಿ, 1386ರಲ್ಲಿ ಫ್ರಾನ್ಸಿನ ಫಲೇಸ್ ಅನ್ನೋ ಊರಲ್ಲಿ ಮಗು ಕೊಂದಿದ್ದಕ್ಕೆ ಒಂದು ಹಂದಿಗೆ ವಿಚಾರಣೆ ಮಾಡಿ ಗಲ್ಲಿಗೆ ಹಾಕಿದಾರೆ. ಆದ್ರೆ ಅಲ್ಲಿ ಪ್ರಾಣಿ ಆರೋಪಿ ಅಷ್ಟೇ. ಹಂದಿ ಬಂದು ದೂರು ಕೊಡೋ ಹಂಗಿರ್ಲಿಲ್ಲ.

ಹಳೇ ದೇವರುಗಳನ್ನೂ ಒಂದು ಸುತ್ತು ನೋಡ್ದೆ. ಗ್ರೀಕರ ಆರ್ಟೆಮಿಸ್ ಕಾಡಿನೋಳು, ಶಿಕ್ಷೆನೂ ಕೊಡ್ತಾಳೆ, ಸ್ನಾನ ಮಾಡೋದನ್ನ ನೋಡ್ದ ಅಂತ ಆಕ್ಟಿಯಾನ್‌ನ ಜಿಂಕೆ ಮಾಡಿ ಅವನ ನಾಯಿಗಳಿಂದ್ಲೇ ಹರಿಸಿಬಿಡ್ತಾಳೆ, ಅದು ಸಿಟ್ಟಪ್ಪಾ, ನ್ಯಾಯ ಅಲ್ಲ. ನನಗೆ ಬೇಕಾಗಿದ್ದು ಸಿಕ್ಕಿದ್ದು ಋಗ್ವೇದದಲ್ಲಿ, ಅದೂ ಎರಡು ತುಂಡಾಗಿ. ವರುಣ ಇದಾನೆ, ಋತ ಅಂದ್ರೆ ಜಗತ್ತು ನಡೆಯೋ ನಿಯಮ, ಅದನ್ನ ಕಾಯೋನು, ಸುಳ್ಳು ಹೇಳ್ದೋರನ್ನ ಪಾಶದಲ್ಲಿ ಕಟ್ಟೋನು, ಎಲ್ಲ ಕಡೆ ಅವನ ಗೂಢಚಾರರು. ಹತ್ತನೇ ಮಂಡಲದ 146ನೇ ಸೂಕ್ತದಲ್ಲಿ ಅರಣ್ಯಾನಿ ಇದಾಳೆ, ಉಳುಮೆ ಇಲ್ದೇನೇ ಅನ್ನ ತುಂಬಿರೋಳು, ಮೃಗಗಳ ತಾಯಿ, ತಾನಾಗಿ ಯಾರನ್ನೂ ಕೊಲ್ಲಲ್ಲ. ಒಬ್ಬನ ಹತ್ರ ಕಾನೂನು, ಇನ್ನೊಬ್ಬಳ ಹತ್ರ ಕಾಡು. ಇಬ್ರನ್ನೂ ಒಂದೇ ಕಲ್ಲಲ್ಲಿ ಕೂರ್ಸಿದ್ರೆ ಹೆಂಗೆ ಅಂತ ಹೊಳೆದಿದ್ದು ಆಗ.

ಆದ್ರೆ ಯಾವ ಕಾಡು? ಫ್ಯಾಂಟಸಿಲಿ ಕಾಡು ಅಂದ ತಕ್ಷಣ ಆಕಾಶ ಕಾಣದಂಥ ಮರ, ಪಾಚಿ, ಮಂಜು ಬಂದ್ಬಿಡತ್ತೆ. ನಮ್ಮ ಕಡೆ ಕಾಡು ಹಂಗಿಲ್ಲ ಸ್ವಾಮಿ. ಬಂಡೆ, ಕಗ್ಗಲಿ ಮುಳ್ಳು, ಕಾರೆ ಗಿಡ, ತಂಗಡಿ, ಮೊಣಕಾಲುದ್ದ ಹುಲ್ಲು, ಬೇಸಿಗೆಲಿ ಎಲ್ಲ ಕಂದು. ಮಧುಗಿರಿ ತಾಲ್ಲೂಕು ಮೈದನಹಳ್ಳಿ ಹತ್ರ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಇದೆ, 798 ಎಕರೆ, ಹೋಗಿ ನಿಂತ್ರೆ ಇದೇನು ಖಾಲಿ ಬಯಲು ಅನ್ಸತ್ತೆ, ಹತ್ತು ನಿಮಿಷ ಸುಮ್ನೆ ನಿಂತ್ಕೊಂಡ್ರೆ ಆ ಖಾಲಿ ಬಯಲಲ್ಲಿ ಕಿವಿಗಳು ಅಲ್ಲಾಡೋದು ಕಾಣತ್ತೆ. ಖಾಲಿ ಅಂತ ಕಾಗದದಲ್ಲಿ ಬರೆಯೋ ಜಾಗ, ಯಾರು ಬೇಕಾದ್ರೂ ಉತ್ಕೋಬಹುದು ಅಂತ ಅನ್ಸೋ ಜಾಗ. ಕಗ್ಗಲಯ್ಯ ಅಂಥ ಜಾಗದ ದೇವ್ರು.

ಇದನ್ನ ಹಿಡ್ಕೊಂಡ್ಮೇಲೆ ಉಳಿದಿದ್ದೆಲ್ಲ ಒಂದರ ಹಿಂದೆ ಒಂದು ಬಂತು. ಬೇಸಿಗೆಲಿ ಒಂದು ಕಿಡಿ ಬಿದ್ರೆ ಬೆಟ್ಟಕ್ಕೆ ಬೆಟ್ಟಾನೇ ಉರಿಯೋ ಕಡೆ ದೇವ್ರಿಗೆ ಬೆಂಕಿ ಹಿಡಿಸಲ್ಲ, ಅದಕ್ಕೆ ಅವನ ಪೂಜೇಲಿ ದೀಪ ಇಲ್ಲ, ಕರ್ಪೂರ ಇಲ್ಲ, ಊದುಕಡ್ಡಿನೂ ಇಲ್ಲ. ನಮ್ಮ ಹಳ್ಳಿಗಳಲ್ಲಿ ದೇವ್ರ ಮುಂದೆ ದೀಪ ಆರ್ಸಿ ಆಣೆ ಮಾಡ್ತಾರಲ್ಲ, ಅಲ್ಲಿ ಅದಕ್ಕೆ ಬದಲು ನೀರು. ಬಂಡೆ ಮೇಲೆ ಒಂದು ದೊಣೆ, ಮಳೆ ನೀರು ನಿಂತಿರತ್ತೆ, ಫಿರ್ಯಾದಿ ಆರೋಪಿ ಇಬ್ರೂ ಬರಿಗಾಲಲ್ಲಿ ಬಂದು ಮೊಣಕೈವರೆಗೂ ಕೈ ಮುಳುಗ್ಸಿ ಮಾತಾಡ್ಬೇಕು. ನೀರು ಬತ್ತಿರೋ ತಿಂಗಳುಗಳಲ್ಲಿ ಅವನ ಕೋರ್ಟಿಗೆ ರಜೆ, ಅಷ್ಟು ದಿನ ಅನ್ಯಾಯ ಮಾಡಿದೋರು ಮೊದಲನೇ ಮಳೆ ಬೀಳೋದನ್ನ ನೋಡಿ ಊರು ಬಿಟ್ಟು ಹೋಗ್ತಾರೆ. ಟೇಬಲ್‌ನಲ್ಲಿ ಮೋಡ ಕಟ್ಟಿದೆ ಅಂತ ನಾನು ಅಂದ್ರೆ ಸಾಕು, ಯಾರಾದ್ರೂ ಒಬ್ಬ ಕುರ್ಚಿಲಿ ನೆಟ್ಟಗೆ ಕೂರ್ತಾನೆ.

ಶಿಕ್ಷೆಗೆ ಸಿಡಿಲು, ಕುಷ್ಠ ಇವೆಲ್ಲ ಬೇಡ ಅಂದ್ಕೊಂಡೆ. ನಮ್ಮಜ್ಜಿ ಯಾವುದೋ ಬಳ್ಳಿ ತುಳಿದ್ರೆ ದಾರಿ ತಪ್ಪತ್ತೆ, ಎಷ್ಟು ನಡೆದ್ರೂ ಅಲ್ಲಲ್ಲೇ ಸುತ್ತುತಾ ಇರ್ತೀಯ ಅಂತ ಹೆದರಿಸ್ತಿದ್ಲು. ಅದನ್ನೇ ತಗೊಂಡೆ. ದೊಣೆಲಿ ಕೈ ಇಟ್ಟು ಸುಳ್ಳು ಹೇಳಿದೋನಿಗೆ ಊರಿನ ದಾರಿ ಸಿಗಲ್ಲ, ಹೊಗೆ ಕಾಣತ್ತೆ, ನಾಯಿ ಬೊಗಳೋದು ಕೇಳತ್ತೆ, ನಡೆದೂ ನಡೆದೂ ಮತ್ತೆ ಅದೇ ಬಂಡೆ ಹತ್ರ ಬಂದು ನಿಲ್ತಾನೆ, ಕೊಡಬೇಕಾದ್ದನ್ನ ಕೊಟ್ಟ ಮೇಲೇ ದಾರಿ ಬಿಡೋದು.

ಈಗ ಮುಖ್ಯವಾದ ವಿಷಯ, ಈ ದೇವರಿಗೆ ಏನು ಆಗಲ್ಲ ಅನ್ನೋದು. ಎಲ್ಲ ಕಾಣೋ, ಎಲ್ಲ ತಿಳಿಯೋ ನ್ಯಾಯದೇವ್ರು ಇದ್ರೆ ಆಟ ಅಲ್ಲೇ ಮುಗೀತು, ಕೊಲೆ ಆಯ್ತಾ, ಪೂಜಾರಿ ಕೇಳ್ದ, ದೇವ್ರು ಹೆಸರು ಹೇಳ್ದ, ಮನೆಗೆ ಹೋಗಿ. ಅದಕ್ಕೆ ಗಡಿಕಲ್ಲು ಹಾಕ್ದೆ. ಕಲ್ಲಿನಿಂದ ಆಚೆ ನಡೆದಿದ್ದು ಅವನಿಗೆ ಗೊತ್ತು, ಈಚೆ ಊರೊಳಗೆ ನಡೆದಿದ್ದು ದೊಣೆಲಿ ಕೈ ಇಟ್ಟು ಯಾರಾದ್ರೂ ಹೇಳಿದ್ರೆ ಮಾತ್ರ. ಊರೊಳಗೆ ಊರಿನ ನ್ಯಾಯ, ಒಳ್ಳೇದೋ ಕೆಟ್ಟದ್ದೋ. ಇದನ್ನ ಹಾಕಿದ್ಮೇಲೆ ಕಥೆ ತಾನೇ ಕೊಬ್ಬಿತು ಅನ್ನಿ. ಗೌಡ ತನಗಾಗದೋರ ಮೇಲೆ ಸುಳ್ಳು ಕೇಸು ಹಾಕಿ ಗಡಿ ದಾಟಿಸೋಕೆ ಶುರು ಮಾಡ್ದ, ದೇವ್ರೇ ನೋಡ್ಕೊಳ್ತಾನೆ ಬಿಡಿ ಅಂತ. ಊರಲ್ಲಿ ಜಾಗ ಇಲ್ದೋರೆಲ್ಲ ಕಲ್ಲಿನಾಚೆ ಹೋಗಿ ಗುಡಿಸಲು ಹಾಕ್ಕೊಂಡ್ರು, ಯಾಕಂದ್ರೆ ಅಲ್ಲಿ ಕನಿಷ್ಠ ಸುಳ್ಳು ನಡೆಯಲ್ಲ.

ನಮ್ಮ ಟೇಬಲ್‌ನಲ್ಲಿ ಒಬ್ಬ ವಕೀಲ ಇದಾನೆ, ಅವನದ್ದೇ ಒಂದು ಕಾಟ. ಗೌಡ ಬಯಲು ಉತ್ತ ಕೇಸು ಬಂದಾಗ ಅವನು, "ಲೋ ಗುರು, ಹನ್ನೆರಡು ವರ್ಷ ಆಗೋಗಿದೆ ಕಣೋ, ಲಿಮಿಟೇಶನ್ ಆಯ್ತು" ಅಂದ. ಲಿಮಿಟೇಶನ್ ಅಂದ್ರೆ ದಾವಾ ಹಾಕೋಕೆ ಇರೋ ಗಡುವು, 1963ರ ಕಾಯ್ದೆ ಪ್ರಕಾರ ಖಾಸಗಿ ಜಮೀನನ್ನ ಬೇರೆಯೋರು ತಮ್ಮದೇ ಅಂತ ಬಹಿರಂಗವಾಗಿ ಅನುಭವಿಸ್ತಾ ಬಂದ್ರೆ ಹನ್ನೆರಡು ವರ್ಷದೊಳಗೆ ದಾವಾ ಹಾಕ್ಬೇಕು, ಸರ್ಕಾರ ದಾವಾ ಹಾಕೋದಾದ್ರೆ ಮೂವತ್ತು ವರ್ಷ ಟೈಮು. ಹಂಗಾದ್ರೆ ತೋಳಕ್ಕೆ ಎಷ್ಟು ವರ್ಷ? ಅಂತ ಅವನೇ ಕೇಳ್ದ, ನಗಾಡ್ಕೊಂಡು ಕೇಳಿದ್ರೂ ಒಳ್ಳೇ ಪ್ರಶ್ನೆ. ಉತ್ತರಕ್ಕೆ ಕೃಷ್ಣಮೃಗಾನೇ ಬೇಕಾಯ್ತು. ಜಿಂಕೆ, ಕಡವೆ ಕೊಂಬು ಉದುರಿ ಮತ್ತೆ ಬೆಳೆಯತ್ತೆ, ಕೃಷ್ಣಮೃಗದ್ದು ಉದುರಲ್ಲ, ತಿರುಚ್ಕೊಂಡು ಬೆಳೀತಾ ಹೋಗತ್ತೆ ಅಷ್ಟೇ. ಕಗ್ಗಲಯ್ಯನ ಕಲ್ಲಿನ ಮೇಲೆ ಒಂದು ಜೊತೆ ಕೊಂಬು ಇದೆ, ತೀರದೇ ಇರೋ ಪ್ರತಿ ಸಾಲಕ್ಕೆ ಒಂದು ಸುತ್ತು ಏರತ್ತೆ, ತೀರಿದ್ರೂ ಸುತ್ತು ಅಳಿಸಲ್ಲ. ಲಿಮಿಟೇಶನ್ ಇಲ್ಲ. ಅಪೀಲೂ ಇಲ್ಲ, ಅದಕ್ಕೆ ವಕೀಲ ಇವತ್ತಿಗೂ ಕುಯ್ಯೋ ಮರ್ರೋ ಅಂತಾನೆ.

ಆಟದ ಲೆಕ್ಕದಲ್ಲಿ ಜಾಸ್ತಿ ತಲೆ ಕೆಡಿಸ್ಕೊಳ್ಳಿಲ್ಲ. 2014ರ ರೂಲ್ ಪುಸ್ತಕದಲ್ಲಿ ಪೂಜಾರಿ ಪಾತ್ರಕ್ಕೆ ಏಳು ಡೊಮೇನ್ ಇವೆ, ಅಂದ್ರೆ ಅವನ ದೇವ್ರು ಯಾವುದರ ಒಡೆಯ ಅನ್ನೋ ವಿಭಾಗ, ಅದ್ರಲ್ಲಿ ನೇಚರ್ ಇದೆ, ನ್ಯಾಯಕ್ಕೆ ಅಂತ ಬೇರೆ ಇಲ್ಲ, ನೇಚರ್ ಇಟ್ಕೊಂಡು ಬೆಂಕಿ ಮಂತ್ರಗಳನ್ನೆಲ್ಲ ಕಿತ್ತಾಕಿದೆ. ಅವನ ಸ್ವಭಾವ ಲಾಫುಲ್ಲೋ (ನಿಯಮಕ್ಕೆ ಕಟ್ಟುಬಿದ್ದೋನು) ನ್ಯೂಟ್ರಲ್ಲೋ (ಯಾವ ಕಡೆಗೂ ವಾಲದೋನು) ಅಂತ ಜಗಳ ಆಡೋರು ಆಡ್ಕೊಳ್ಳಿ.

ಒಂದು ವಿಷಯದಲ್ಲಿ ಮಾತ್ರ ಗಟ್ಟಿ ಇದೀನಿ. ನಮ್ಮ ಜಿಲ್ಲೇಲಿ ಕಾಡುಗೊಲ್ಲರ ಜುಂಜಪ್ಪ ಇದಾನೆ, ಗಣೆ ಅನ್ನೋ ಉದ್ದನೇ ಬಿದಿರಿನ ಕೊಳಲು ಊದ್ಕೊಂಡು ಅವನ ಕಥೆ ಹಾಡ್ತಾರೆ, ಜನ ಇವತ್ತಿಗೂ ನಡ್ಕೊಳ್ಳೋ ದೇವ್ರು. ದನ, ಕಾಡು, ಅನ್ಯಾಯ ಎಲ್ಲ ಆ ಕಥೇಲಿ ಇದೆ, ಹೆಸರು ಬದಲಾಯಿಸಿ ಎತ್ಕೊಂಡ್ರೆ ನನ್ನ ಕೆಲಸ ಅರ್ಧ ಕಮ್ಮಿ ಆಗ್ತಿತ್ತು. ಮಾಡ್ಲಿಲ್ಲ. ಒಬ್ಬರು ಹರಕೆ ಹೊರೋ ದೇವ್ರನ್ನ ನಾವು ದಾಳ ಹಾಕಿ ಸೋಲ್ಸೋದು ಸರಿ ಬರಲ್ಲ. ಗಿಡ, ಕಲ್ಲು, ಪ್ರಾಣಿ, ಅಜ್ಜಿ ಹೇಳಿದ ಹೆದರಿಕೆ ಇವು ಯಾರ ಸ್ವತ್ತೂ ಅಲ್ಲ, ಅಲ್ಲಿಂದ ಎಷ್ಟು ಬೇಕಾದ್ರೂ ತಗೊಳ್ಳಿ. ಕಗ್ಗಲಯ್ಯ ಅನ್ನೋ ಹೆಸರು ಇಡೋಕೆ ಮುಂಚೆ ಸುತ್ತಮುತ್ತ ಗೊತ್ತಿರೋರನ್ನೆಲ್ಲ ಕೇಳಿ, ಆ ಹೆಸರಿನ ಗುಡಿ ಅವರಿಗ್ಯಾರಿಗೂ ಗೊತ್ತಿಲ್ಲ ಅಂದ್ಮೇಲೇ ಇಟ್ಟಿದ್ದು.

ಸದ್ಯಕ್ಕೆ ಕಥೆ ಎಲ್ಲಿಗೆ ಬಂದಿದೆ ಅಂದ್ರೆ, ಗೌಡ ಹುಷಾರಾಗಿದಾನೆ, ಗಡಿಕಲ್ಲು ದಾಟೋದೇ ಬಿಟ್ಟಿದಾನೆ, ಊರೊಳಗೇ ಕೂತು ಎಲ್ಲ ನಡೆಸ್ತಾನೆ. ನಮ್ಮ ಹುಡುಗ್ರ ಪಾತ್ರಗಳು ಹೋಗಿ ಕರೆದ್ರೆ "ನಾನ್ಯಾಕಪ್ಪಾ ಬರ್ಲಿ, ನಿಮ್ ದೇವ್ರನ್ನೇ ಇಲ್ಲಿಗೆ ಕರ್ಕಂಬನ್ನಿ" ಅಂತಾನೆ. ಅದಕ್ಕೆ ನಮ್ಮ ಹುಡುಗ್ರು ಹಾಕಿರೋ ಪ್ಲಾನು, ರಾತ್ರೋರಾತ್ರಿ ಗಡಿಕಲ್ಲನ್ನ ಕಿತ್ತು ಗೌಡನ ಮನೆ ಹಿತ್ತಲಿಂದ ಒಳಗೆ ತಂದು ನೆಡೋದು. ಕಿತ್ತು ನೆಟ್ಟ ಕಲ್ಲನ್ನ ಕಗ್ಗಲಯ್ಯ ಒಪ್ತಾನಾ ಇಲ್ವಾ ಅಂತ ನಾನು ಬರೆದಿಟ್ಕೊಂಡಿದೀನಿ, ಇಲ್ಲಿ ಮಾತ್ರ ಹೇಳಲ್ಲ, ಆ ನನ್ಮಕ್ಳು ಇದನ್ನ ಓದ್ತಾರೆ.