ಕಥೆ ಬರೆದಾಯ್ತು, ಇನ್ನು ಯಾರಿಗೆ ಓದಿಸೋದು, ಏನಂತ ಕೇಳೋದು?

ಕಥೆ ಮುಗಿದ ರಾತ್ರೀನೇ ಅದನ್ನ ಫ್ಯಾಮಿಲಿ ಗ್ರೂಪಿಗೆ ಹಾಕಿದ್ರೆ ಏನು ಬರತ್ತೆ ಅಂತ ಬರೆಯೋರಿಗೆಲ್ಲ ಗೊತ್ತು. ಚಪ್ಪಾಳೆ, ಹೃದಯದ ಇಮೋಜಿ, ಚಿಕ್ಕಮ್ಮನ "ಸೂಪರ್ ಪುಟ್ಟಾ". ಪ್ರೀತಿ ಅದು, ಬರೆಯೋರಿಗೆ ಬೇಕು ಕೂಡ, ಆದ್ರೆ ಎರಡನೇ ಡ್ರಾಫ್ಟಿಗೆ ಅದ್ರಿಂದ ಒಂದು ಸಾಲಿನ ಸಹಾಯಾನೂ ಆಗಲ್ಲ. ಕೆಲಸಕ್ಕೆ ಬರೋ ಅಭಿಪ್ರಾಯನ ನಾವೇ ಕೇಳಿ ಪಡೀಬೇಕು.

ಮೊದ್ಲು ಒಂದೆರಡು ವಾರ ಕಥೇನ ಎತ್ತಿಡಿ. ಆಮೇಲೆ ಜೋರಾಗಿ ಓದಿ ನೋಡಿ, ನಾಲಿಗೆ ತಡವರಿಸಿದ ಕಡೆ ಗುರುತು ಹಾಕ್ಕೊಂಡು ತಿದ್ದಿ. ಕಾಗುಣಿತಾನೂ ಆಗ್ಲೇ ಸರಿ ಮಾಡಿ, ಇಲ್ಲಾಂದ್ರೆ ಓದಿದೋರು "ಅಲ್ಲಿ ಒತ್ತಕ್ಷರ ಬಿಟ್ಟಿದೆ" ಅಂತ ಹೇಳಿ ಅಲ್ಲಿಗೇ ಮುಗಿಸ್ತಾರೆ, ನಿಮಗೆ ಬೇಕಾದ ಮಾತು ಬರೋದೇ ಇಲ್ಲ.

ಈಗ ಜನ ಹುಡುಕ್ಬೇಕು. ಮೂರು ಜನ ಸಾಕು, ಆದ್ರೆ ಮೂರು ಥರದೋರು. ಒಬ್ರು ಸುಮ್ನೆ ಓದೋ ಖುಷಿಗೆ ಓದೋರು, ವಾರ ವಾರ ಸುಧಾನೋ ತರಂಗಾನೋ ತಗೊಂಡು ಕಥೆ ಪುಟ ಮೊದ್ಲು ತೆಗೆಯೋರು. ಇನ್ನೊಬ್ರು ನಿಮ್ಮ ಹಾಗೇ ಬರೆಯೋಕೆ ಒದ್ದಾಡ್ತಿರೋರು. ಮೂರನೆಯೋರು ಕಥೆ ನಡೆಯೋ ಲೋಕ ಗೊತ್ತಿರೋರು, ಇವರನ್ನ ಹುಡುಕೋ ಕಷ್ಟ ಯಾರೂ ತಗೊಳಲ್ಲ, ನನ್ನ ಪ್ರಕಾರ ಇವರೇ ಎಲ್ಲರಿಗಿಂತ ಮುಖ್ಯ. ಬೆಂಗಳೂರಲ್ಲಿ ಕೂತು ಸಾಗರದ ಕಡೆಯ ಅಡಿಕೆ ಸುಲಿಯೋ ಹೆಂಗಸಿನ ಕಥೆ ಬರೀತೀರ ಅಂದ್ಕೊಳ್ಳಿ, ಆಕೆ ರಾತ್ರಿ ಮೆಟ್ಟುಗತ್ತಿ ಮುಂದೆ ಕೂತು ಹಣ್ಣಡಿಕೆ ಸುಲಿತಾಳೆ, ಬೆಳಗ್ಗೆ ಅದನ್ನ ಬೇಯಿಸ್ತಾರೆ ಅಂತ ಬರೆದ್ರೆ ಆ ಊರೋರು ಅಲ್ಲೇ ಕಥೆ ಕೆಳಗಿಡ್ತಾರೆ, ಯಾಕಂದ್ರೆ ಸುಲಿದು ಬೇಯಿಸೋದು ಹಸಿ ಅಡಿಕೇನ, ಹಣ್ಣಾಗಿದ್ದನ್ನ ಸಿಪ್ಪೆ ಸಮೇತ ಒಣಗಿಸಿ ಆಮೇಲೆ ಸುಲಿದು, ಬೇಯಿಸದೇನೇ ಚಾಲಿ ಅಡಿಕೆ ಮಾಡ್ತಾರೆ. ಮಾತುಕತೇನೂ ಹಾಗೇ. ಧಾರವಾಡದ ಅಜ್ಜಿ ಬಾಯಲ್ಲಿ, ಕುಂದಾಪುರದ ಮೀನು ಮಾರೋಳ ಬಾಯಲ್ಲಿ ಮಾತು ಹಾಕಿದ್ರೆ ಆ ಕಡೆಯೋರ ಹತ್ರ ಅಷ್ಟು ಭಾಗ ಜೋರಾಗಿ ಓದಿಸಿ, ಅವರು ಓದ್ತಾ ಓದ್ತಾ ತಾವಾಗೇ ಬದಲಾಯಿಸಿ ಹೇಳೋ ಪದ ಬರ್ಕೊಳ್ಳಿ.

ಕಥೇನ ಮೆಸೇಜಾಗಿ ಕಳಿಸ್ಬೇಡಿ, ಬಸ್ಸಲ್ಲಿ ನಿಂತ್ಕೊಂಡು ಬೆರಳಲ್ಲಿ ತಳ್ಳಿಬಿಡ್ತಾರೆ. ಆದಷ್ಟೂ ಪ್ರಿಂಟ್ ಕೊಡಿ, ಪಕ್ಕದಲ್ಲಿ ಅಗಲ ಜಾಗ ಬಿಟ್ಟು.

ಪ್ರಶ್ನೆ ವಿಷಯಕ್ಕೆ ಬರೋಣ. "ಹೆಂಗಿದೆ?" ಅಂದ್ರೆ "ಚೆನ್ನಾಗಿದೆ" ಅಂತಾರೆ, ಇನ್ನೇನು ಹೇಳ್ತಾರೆ ಪಾಪ, ನಮ್ಮಲ್ಲಿ ಎದುರಿಗೆ ಕೂತೋರ ಮನಸ್ಸು ನೋಯಿಸೋದು ಕಷ್ಟ. ಅದ್ರ ಬದಲು ಉತ್ತರ ಕೊಡೋಕೆ ಆಗೋ ಪ್ರಶ್ನೆ ಕೇಳಿ. ಎಲ್ಲಿ ಬೋರಾಯ್ತು, ಎಲ್ಲಿ ಫೋನ್ ಕೈಗೆ ತಗೊಂಡ್ರಿ? ಎಲ್ಲಿ ಎರಡು ಸಲ ಓದ್ಬೇಕಾಯ್ತು? ಆಕೆ ಮನೆ ಬಿಟ್ಟು ಹೊರಟಿದ್ದು ಯಾಕೆ ಅಂತ ನಿಮಗನ್ನಿಸ್ತು? ಈ ಕೊನೇ ಥರದ ಪ್ರಶ್ನೆ ತುಂಬಾ ಕೆಲಸ ಮಾಡತ್ತೆ, ಯಾಕಂದ್ರೆ ನೀವು ಅಂದ್ಕೊಂಡಿದ್ದು ಕಾಗದದ ಮೇಲೆ ಇದೆಯಾ ಅಥವಾ ನಿಮ್ಮ ತಲೇಲಷ್ಟೇ ಇದೆಯಾ ಅನ್ನೋದು ತಕ್ಷಣ ಗೊತ್ತಾಗತ್ತೆ. ಕಥೆ ಏನು ಅಂತ ನಾಲ್ಕು ಮಾತಲ್ಲಿ ಅವರಿಗೇ ಹೇಳೋಕೆ ಹೇಳಿ, ಅವರು ಬಿಟ್ಟ ಪಾತ್ರ ಯಾವ್ದು ಅಂತ ಗಮನಿಸಿ.

ಅವರು ಮಾತಾಡುವಾಗ ನೀವು ಮಾತಾಡ್ಬೇಡಿ. "ಅದು ಹಾಗಲ್ಲ, ನಾನು ಅಲ್ಲಿ ಹೇಳೋಕೆ ಹೊರಟಿದ್ದು..." ಅಂತ ವಿವರಿಸೋಕೆ ಶುರು ಮಾಡಿದ್ರೆ ಅವರು ಒಪ್ಕೊಂಡು ಸುಮ್ಮನಾಗ್ತಾರೆ. ಪತ್ರಿಕೇಲಿ ಓದೋರ ಪಕ್ಕ ಕೂತು ನೀವು ವಿವರಿಸೋಕಾಗತ್ತಾ? ಎಲ್ಲಾ ಬರ್ಕೊಳ್ಳಿ, ಥ್ಯಾಂಕ್ಸ್ ಹೇಳಿ, ಎದ್ದು ಬನ್ನಿ.

ಮನೇಗೆ ಬಂದು ಮೂರೂ ಜನರ ಮಾತು ಪಕ್ಕ ಪಕ್ಕ ಇಟ್ಟು ನೋಡಿ. ಒಂದೇ ಜಾಗಕ್ಕೆ ಇಬ್ರು ಬೆರಳಿಟ್ಟಿದ್ರೆ ಅಲ್ಲೇನೋ ಕೆಟ್ಟಿದೆ ಅಂತ ನಂಬಿ. ಆದ್ರೆ ಅವರು ಹೇಳಿದ ರಿಪೇರಿನ ಹಾಗ್ಹಾಗೇ ಮಾಡೋಕೆ ಹೋಗ್ಬೇಡಿ. "ಅಣ್ಣನ ಪಾತ್ರ ತೆಗೆದುಬಿಡಿ" ಅಂತ ಒಬ್ರು, "ಅಣ್ಣಂಗೆ ಒಂದು ಮದುವೆ ಸೀನ್ ಕೊಡಿ" ಅಂತ ಇನ್ನೊಬ್ರು ಅಂದ್ರೆ ಇಬ್ಬರ ತೊಂದ್ರೆನೂ ಒಂದೇ ಇರಬಹುದು, ಅಣ್ಣ ನಾಲ್ಕನೇ ಪುಟದಲ್ಲಿ ದಿಢೀರಂತ ಬಾಗಿಲು ತಟ್ತಾನೆ, ಅದಕ್ಕೂ ಮುಂಚೆ ಅವನ ಸುದ್ದೀನೇ ಇಲ್ಲ. ಮೊದಲ ಪುಟದಲ್ಲಿ ಅವನಿಗೆ ಒಂದು ಸಾಲು ಕೊಟ್ರೆ ಸಾಕಾಗಬಹುದು.

ಸ್ಪರ್ಧೆಗೆ ಕಳಿಸಿದ್ರೆ ಅಭಿಪ್ರಾಯ ಸಿಗತ್ತೆ ಅನ್ನೋ ನಿರೀಕ್ಷೆ ಬೇಡ. ದೀಪಾವಳಿ ವಿಶೇಷಾಂಕದ ಕಥಾಸ್ಪರ್ಧೆಗಳಿಗೆ ರಾಶಿ ರಾಶಿ ಕಥೆ ಬರತ್ತೆ, ಬಹುಮಾನ ಬರ್ಲಿಲ್ಲ ಅಂದ್ರೆ ಕಥೆ ಕೆಟ್ಟದು ಅಂತಾನೂ ಅಲ್ಲ, ಯಾಕೆ ಬರ್ಲಿಲ್ಲ ಅಂತ ಯಾರೂ ಕಾಗದ ಬರೆಯೋದೂ ಇಲ್ಲ. ತೀರ್ಪುಗಾರರ ಮಾತು ಅಚ್ಚಾಗಿದ್ರೆ ಅದನ್ನ ಮಾತ್ರ ಬಿಡದೆ ಓದಿ.

ಜೊತೆಗಾರರು ಸಿಕ್ಕಿಲ್ಲ ಅಂದ್ರೆ ಕಥಾ ಕಮ್ಮಟಗಳಿಗೆ ಹೋಗಿ, ಹೆಗ್ಗೋಡಿನ ನೀನಾಸಂ ಸಂಸ್ಕೃತಿ ಶಿಬಿರದಂಥ ಕಡೆ ಊಟದ ಸಾಲಲ್ಲೇ ಓದೋರು ಬರೆಯೋರು ಸಿಗ್ತಾರೆ. ನಾಲ್ಕೈದು ಜನ ಆದ್ರೆ ತಿಂಗಳಿಗೊಮ್ಮೆ ಸೇರಿ, ಒಂದು ಸಲಕ್ಕೆ ಒಂದೇ ಕಥೆ, ಎಲ್ರೂ ಮುಂಚೇನೇ ಓದ್ಕೊಂಡು ಬಂದಿರ್ಬೇಕು. ಕನ್ನಡಕ್ಕೆ ಇದು ಹೊಸದೇನಲ್ಲ. ಧಾರವಾಡದಲ್ಲಿ ಬೇಂದ್ರೆಯವರ ಗೆಳೆಯರ ಗುಂಪಿತ್ತು, ಆಮೇಲೆ ಜಿ.ಬಿ. ಜೋಶಿಯವರು 1933ರಲ್ಲಿ ಶುರು ಮಾಡಿದ ಮನೋಹರ ಗ್ರಂಥಮಾಲೆ ಅನ್ನೋ ಪ್ರಕಾಶನದ ಅಟ್ಟ ಇತ್ತು, ಕೀರ್ತಿನಾಥ ಕುರ್ತಕೋಟಿಯವರಂಥ ವಿಮರ್ಶಕರು ಕೂರ್ತಿದ್ದ ಆ ಅಟ್ಟ ಹತ್ತಿದೋರಲ್ಲಿ ಯುವಕ ಗಿರೀಶ ಕಾರ್ನಾಡರೂ ಒಬ್ರು. ಗುಂಪಲ್ಲಿ ಬೇರೆಯೋರ ಕಥೇನ ಅಷ್ಟೇ ಶ್ರದ್ಧೆಯಿಂದ ಓದಿ, ಪೆನ್ಸಿಲ್ ಹಿಡ್ಕೊಂಡು ಓದಿ, ಇನ್ನೊಬ್ರ ಕಥೆ ಎಲ್ಲಿ ಸಡಿಲ ಆಯ್ತು ಅಂತ ಹೇಳೋಕೆ ಬಂದ್ರೆ ನಿಮ್ಮದೂ ಕಾಣೋಕೆ ಶುರುವಾಗತ್ತೆ.

ತಿದ್ದಿದ ಕಥೇನ ಮತ್ತೆ ಅದೇ ಮೂರು ಜನಕ್ಕೆ ಕೊಡ್ಬೇಡಿ, ಅವರಿಗೆ ಕಥೆ ಮೊದ್ಲೇ ಗೊತ್ತು, ಬಿಟ್ಟುಹೋದ ಜಾಗಾನ ನೆನಪಿಂದಾನೇ ತುಂಬ್ಕೊಳ್ತಾರೆ. ಒಬ್ರನ್ನ ಹೊಸದಾಗಿ ಹುಡುಕಿ ಕೊಡಿ. ಅವರು ಎಲ್ಲೂ ನಿಲ್ಲದೆ ಕೊನೇ ಪುಟ ಮುಟ್ಟಿ, ನಿಮ್ಮ ಬರವಣಿಗೆ ವಿಷಯ ಬಿಟ್ಟು "ಅವಳು ಹಾಗ್ಯಾಕೆ ಮಾಡಿದ್ಲು?" ಅಂತ ಪಾತ್ರದ ಮೇಲೇ ಜಗಳಕ್ಕೆ ಬಂದ್ರೆ ಕಥೇನ ಪತ್ರಿಕೆಗೆ ಕಳಿಸಿ.